ಕಡೆಗೆ ಉಳಿದ ಕೀಪರ್‌ಗೆ

ಮೇಲಿನ ಗದಗ
ಎರಡನೆಯ ಆಷಾಢ, ಮೂವತ್ತೇಳನೆಯ ದಿನ

ಮುತ್ತವ್ವ ಶಾಂಭವಿಯವರಿಗೆ ಶರಣು. ನಿಮಗಿನ್ನೂ ಇಪ್ಪತ್ತೆರಡು, ಮದುವೆಯಾಗಿಲ್ಲ. ನನಗೆ ಅರವತ್ತು ದಾಟಿದೆ. ಆದರೂ ನಾನು ನಿಮ್ಮ ಮರಿಮಗಳ ಮರಿಮಗಳು. ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸಿ, ನಿಮ್ಮ ಕನ್ನಡವನ್ನು ಹಳೆಯ ಕ್ರಿಕೆಟ್ ಕಾಮೆಂಟರಿ ಕೇಳಿ ಕಲಿತವಳು.

ಆಟಗಾರರ ಹೆಸರು ಆರಿಸಿ ಮನಸ್ಸಿನಲ್ಲೇ ತಂಡ ಕಟ್ಟುವ ಆಟ ನಿಮ್ಮ ಫೋನಿನಲ್ಲೂ ಇದೆಯಂತೆ. ನಮ್ಮದೂ ಹಾಗೇ ಶುರುವಾಯಿತು. ನೀವು ವಿಡಿಯೊ ಅನ್ನುವುದನ್ನು ನಾವು ನೆರಳು ಅನ್ನುತ್ತೇವೆ. ಈಗ ನೆರಳು ಸಿಕ್ಕವರನ್ನು ಬಯಲಿನಲ್ಲಿ ಎಬ್ಬಿಸಿ ಆಡಿಸುತ್ತೇವೆ. ಗೆದ್ದ ಕೇರಿಗೆ ವರ್ಷದ ನೀರು. ಇಲ್ಲಿ ಎದ್ದವರು ಅಲ್ಲಿ, ನಿಮ್ಮ ಕಾಲದಲ್ಲಿ, ನೆರಳು ಸೆರೆಯಾದ ಮರುದಿನ ಹಾಸಿಗೆಯಿಂದ ಏಳುವುದಿಲ್ಲವೆಂದು ಗೊತ್ತಾದಾಗ ಊರಿನವರೆಲ್ಲ ಎರಡು ದಿನ ಊಟ ಬಿಟ್ಟರು. ಮೂರನೆಯ ದಿನ ಪಂದ್ಯವಿತ್ತು.

ಕೀಪರ್‌ಗಳನ್ನು ತೂಗಿ ನೋಡುವುದು ನನ್ನ ಕೆಲಸ. ಅವರ ಬ್ಯಾಟಿನ ರನ್ ನೋಡಿ ಮರುಳಾಗುವವರು ಬೇಕಾದಷ್ಟಿದ್ದಾರೆ. ನಾನು ನೋಡುವುದು ಸ್ಪಿನ್ನರ್ ಬಂದಾಗ ಸ್ಟಂಪಿಗೆ ಅಂಟಿ ಕೂರುವ ಎದೆಗಾರಿಕೆ, ಚೆಂಡು ಪುಟಿಯುವ ತನಕ ಏಳದ ಮೊಣಕಾಲು, ಲೆಗ್ ಕಡೆಗೆ ಸದ್ದಿಲ್ಲದೆ ಸರಿಯುವ ಪಾದ. ಅಂಥವರು ಬೆರಳೆಣಿಕೆಯಷ್ಟು. ನಮ್ಮ ಕೇರಿಯ ಯಜಮಾನ ಚನ್ನಬಸಯ್ಯನಿಗೆ ಇದು ತಲೆಗೆ ಹೋಗುವುದಿಲ್ಲ. ಪ್ರತಿ ವರ್ಷ ಬ್ಯಾಟ್ಸ್‌ಮನ್‌ಗಳನ್ನೇ ಮೊದಲು ಬಾಚಿಕೊಂಡು, "ಕೀಪರ್ ಏನ್ ಬಿಡ್ರಿ, ಕಡೀಕ್ ಯಾರರ ಸಿಗ್ತಾರ" ಅನ್ನುತ್ತಾನೆ. ಈ ಸಲ ಕಡೆಗೆ ಉಳಿದದ್ದು ನಿಮ್ಮ ನೆರಳು. ನಾನು ಬೇಡವೆಂದರೆ ಪಕ್ಕದ ಕೇರಿಯವರು ಎಬ್ಬಿಸುತ್ತಾರೆ. ನಿಮಗಿನ್ನೂ ಮಕ್ಕಳಿಲ್ಲ. ನೀವು ಎದ್ದರೆ ನಾನು ಹುಟ್ಟಿಯೇ ಇರುವುದಿಲ್ಲ.

ಪಂದ್ಯ ಮುಗಿದಾಗ ಉಳಿದ ಆಟಗಾರರು ಮಂಜಿನ ಹಾಗೆ ಕರಗಿಹೋಗುತ್ತಾರೆ. ಕೀಪರ್‌ಗಳು ಮಾತ್ರ ಹೋಗುವುದಿಲ್ಲ, ಯಾಕೆಂದು ಯಾರಿಗೂ ತಿಳಿಯದು. ಹಿಂದಿನ ವರ್ಷಗಳವರೆಲ್ಲ ಬಯಲಿನಲ್ಲಿ ಸಾಲಾಗಿ ಮಂಡಿ ಮಡಿಸಿ ಕೂತಿದ್ದಾರೆ. ನಮ್ಮ ಹೆಂಗಸರು ಅಂಬಲಿ ಒಯ್ದು ಮುಂದಿಡುತ್ತಾರೆ, ಅವರು ಮುಟ್ಟುವುದಿಲ್ಲ. ಆ ಕಡೆ ಏನನ್ನೂ ಎಸೆಯಬಾರದೆಂದು ಮಕ್ಕಳಿಗೆ ಕಟ್ಟಪ್ಪಣೆ. ಎಸೆದರೆ ಅಷ್ಟೂ ಜನರ ಕೈಗಳು ಒಟ್ಟಿಗೆ ಮೇಲೇಳುತ್ತವೆ.

ಆದ್ದರಿಂದ ಕೇಳಿಕೊಳ್ಳುತ್ತೇನೆ. ಈ ಭಾನುವಾರದ ಫೈನಲ್‌ನ ಕೊನೆಯ ಚೆಂಡನ್ನು ನಿಮ್ಮ ತಮ್ಮ ಫೋನಿನಲ್ಲಿ ಸೆರೆಹಿಡಿಯುತ್ತಾನೆ. ಆ ಸ್ಟಂಪಿಂಗ್ ಒಂದೇ ನಮಗೆ ಸಿಕ್ಕಿರುವ ನಿಮ್ಮ ನೆರಳು. ಚೆಂಡನ್ನು ಬಿಟ್ಟುಬಿಡಿ. ಚೆಂಡು ಕೈಬಿಟ್ಟವರನ್ನು ಎಬ್ಬಿಸುವುದು ನಮ್ಮಲ್ಲಿ ಅಪಶಕುನ, ಯಾವ ಕೇರಿಯೂ ಮುಟ್ಟುವುದಿಲ್ಲ. ಜನ ನಕ್ಕರೆ ನಗಲಿ, ನಕ್ಕವರ ಹಲ್ಲು ಕಾಣುತ್ತದೆ, ಅಷ್ಟೇ.

ಇಷ್ಟು ಬರೆದು, ಏನಾದರೂ ಬದಲಾಗಿದೆಯೇ ಎಂದು ನಿಮ್ಮ ನೆರಳನ್ನು ಇನ್ನೊಮ್ಮೆ ನೋಡಿದೆ. ನಿಮ್ಮ ಸೊಂಟದಲ್ಲಿ ಮಡಿಸಿದ ಕಾಗದವೊಂದು ಸಿಕ್ಕಿಸಿದೆ. ನನ್ನದೇ ಕೈಬರಹ. ಓದಿದ್ದೀರಿ, ಓದಿಯೂ ಚೆಂಡು ಹಿಡಿದಿದ್ದೀರಿ. ಸಿಟ್ಟು ಬಂತು, ಅಳು ಬಂತು. ಸುಳ್ಳೇಕೆ, ಹೆಮ್ಮೆಯೂ ಆಯಿತು. ಕೈಗೆ ಬಂದ ಚೆಂಡನ್ನು ಬಿಡಲು ನನ್ನಿಂದಲೂ ಆಗುತ್ತಿರಲಿಲ್ಲ.

ನಿಮ್ಮದು ಟೆನಿಸ್ ಚೆಂಡು, ಇಲ್ಲಿನದು ಕಲ್ಲು. ಹೇಳಿಕೊಡಲು ನಾನಿರುವುದಿಲ್ಲ. ಭಾನುವಾರ ರಾತ್ರಿ ಗ್ಲೌಸ್ ಹಾಕಿಕೊಂಡೇ ಮಲಗಿ, ಮುತ್ತವ್ವ.