ತಾರಿನಲ್ಲಿದ್ದ ಒಂದೇ ಇಂಗ್ಲಿಷ್ ಶಬ್ದ

ಬಿಜ್ಜರಗಿ, ೨-೧೦-೧೯೬೫

ನಮ್ಮ ಮನೆಯವರಿಗೆ ಪರಸವ್ವನ ನಮಸ್ಕಾರ.

ಯುದ್ಧ ಮುಗಿಸಿ ಬಂದ ನೀವು ಪುಣೆಯಿಂದ ಕಳಿಸಿದ ಇಂಗ್ಲಿಷ್ ತಾರು ಸೋಮವಾರ ಮುಟ್ಟಿತು. ತಾರೆಂದರೆ ಸಾವಿನ ಸುದ್ದಿಯೇ ಎಂದು ಓಣಿಯವರು ಓದಿಸುವ ಮೊದಲೇ ಅಳತೊಡಗಿದರು. ಅತ್ತೆ ನನ್ನ ಎಡಗೈ ಬಳೆಗಳನ್ನು ಒಡೆದೇಬಿಟ್ಟರು. ಬಲಗೈ ಹಿಡಿಯುವಷ್ಟರಲ್ಲಿ ಸಾಲಿಯ ಅಮರಪ್ಪ ಮಾಸ್ತರರು ಬಂದು ಓದಿದರು.

"ರೀಚ್ಡ್ ಅಂದ್ರ ಮುಟ್ಟೇನಿ ಅಂತ. ನಿಮ್ಮ ಮಗಾ ಪುಣೆ ಮುಟ್ಟ್ಯಾನವ್ವಾ, ಅಳಬ್ಯಾಡ್ರಿ."

"ಇನ್ನೊಮ್ಮಿ ಹೇಳ್ರಿ," ಎಂದು ಅತ್ತೆ ಮೂರು ಸಲ ಹೇಳಿಸಿದರು. ಈಗ ಕಸ ಗುಡಿಸುವಾಗಲೂ ರೀಚ್ಡ್ ಎನ್ನುತ್ತಿರುತ್ತಾರೆ.

ಇನ್ನು ಮೇಲೆ ಕನ್ನಡದಲ್ಲೇ ಕಾರ್ಡು ಬರೆಯಿರಿ. ರಜೆಗೆ ಬರುವಾಗ ಹಸಿರು ಬಳೆ ತನ್ನಿ, ಎಡಗೈಗೆ ಮಾತ್ರ. ಬಲಗೈಯಲ್ಲಿ ಉಳಿದವನ್ನು ನಾನು ಬದಲಿಸುವುದಿಲ್ಲ.

ನಿಮ್ಮ ಹಾದಿ ನೋಡುತ್ತಿರುವ
ಪರಸವ್ವ