ಒಂದು ಹೆಜ್ಜೆ ಹಿಂದೆ ನಿಂತ ದನಿ

ಅಕ್ಕಾ, ನಿನಗೆ ತಮ್ಮನ ನಮಸ್ಕಾರ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಂಗಡಿಯ ಹಳೆಯ ಹೊಲಿಗೆ ಮೆಷಿನ್ನಿಗೆ ಮಾತ್ರ ನನ್ನ ಹಾಗೆಯೇ ಕೀಲುನೋವು. ಫೋನ್ ಮಾಡಬಹುದಿತ್ತು. ಆದರೆ ನಿನ್ನ ಗಂಟಲಿನ ಆಪರೇಷನ್ ಆದ ಮೇಲೆ ಫೋನಿನಲ್ಲಿ ನಾನೊಬ್ಬನೇ ಮಾತಾಡುತ್ತೇನೆ, ಆ ಕಡೆಯಿಂದ ನೀನು ಬೆರಳಲ್ಲಿ ಟಕ್ ಟಕ್ ಎಂದು ತಟ್ಟುತ್ತೀಯ. ಇವತ್ತಿನ ಸುದ್ದಿ ಆ ಟಕ್ ಟಕ್‌ನಲ್ಲಿ ಮುಗಿಯುವಂಥದ್ದಲ್ಲ. ಅದಕ್ಕೇ ಕತ್ತರಿ ಕೆಳಗಿಟ್ಟು ಪೆನ್ನು ಹಿಡಿದಿದ್ದೇನೆ.

ಸುತ್ತಿ ಬಳಸಿ ಹೇಳುವುದಿಲ್ಲ. ನಾನು ನಿನ್ನ ದನಿ ಕೇಳಿದೆ.

ಆಸ್ಪತ್ರೆಯಲ್ಲಿ ಸ್ಲೇಟಿನ ಮೇಲೆ ನೀನು ಬರೆದು ತೋರಿಸಿದ್ದೆಯಲ್ಲ, 'ನನ್ನ ದನಿ ಎಲ್ಲೂ ಉಳಿದಿಲ್ಲ, ಬಿಡು. ಮೊಮ್ಮಗಳಿಗೆ ಅಜ್ಜಿ ಅಂದ್ರೆ ಮಾತಾಡದೋಳು ಅಂತ್ಲೇ ಗೊತ್ತಾಗ್ಲಿ' ಎಂದು. ಬರೆದವಳು ನೀನೇ ಅಳಿಸಿದೆ. ನನ್ನಲ್ಲಿ ಅದು ಅಳಿಯಲಿಲ್ಲ. ಅಷ್ಟು ವರ್ಷ ಸ್ಟುಡಿಯೋಗಳಲ್ಲಿ ಕೋರಸ್ ಹಾಡಿದವಳು ನೀನು, ಮನೆಯಲ್ಲಿ ಯಾರಿಗೂ ನಿನ್ನ ಒಂದು ಸಾಲು ರೆಕಾರ್ಡ್ ಮಾಡಿಡಬೇಕು ಅನ್ನಿಸಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಳ್ಳಲ್ಲ. ನೀನು ಹಾಡಿದ್ದರಲ್ಲಿ ಈಗಲೂ ಕೇಳಸಿಗುವುದು ಆ ಒಂದು ಹಾಡು. ಅದರ ಕತೆಯನ್ನು ನಗುತ್ತಲೇ ಹೇಳುತ್ತಿದ್ದೆ: "ಐದು ಜನ ಅರ್ಧಚಂದ್ರದ ಹಾಗೆ ನಿಂತಿದ್ವಿ ಕಣೋ. ಬಲಗಡೆ ಕೊನೆಯೋಳು ನಾನು. ರೆಕಾರ್ಡಿಂಗ್ ಮಾಡೋರು, 'ಅಮ್ಮಾ, ನಿಮ್ಮ ದನಿ ಎದ್ದು ಬರ್ತಿದೆ, ಒಂದು ಹೆಜ್ಜೆ ಹಿಂದೆ ನಿಂತ್ಕೊಳ್ಳಿ' ಅಂದ್ರು. ನಿಂತ್ಕೊಂಡೆ."

ನಮ್ಮ ಅಂಗಡಿಯ ರೇಡಿಯೋದಲ್ಲಿ ಆ ಹಾಡು ಎಷ್ಟೋ ಸಲ ಬಂದಿದೆ. ಮುಖ್ಯ ಗಾಯಕಿ ಒಬ್ಬಳೇ ಕೇಳಿಸುತ್ತಾಳೆ, ನೀವು ಐವರೂ ಸೇರಿ ಬರೀ ಹಬೆ. ಸ್ಟುಡಿಯೋದಲ್ಲಿ ಹಾಡಿದ್ದನ್ನು ಸ್ಟುಡಿಯೋದವರ ಸ್ಪೀಕರಿನಲ್ಲೇ ಕೇಳಬೇಕು ಎಂದು ತಲೆಗೆ ಹೊಳೆದದ್ದೇ ತಡ, ವಾದ್ಯಗಳ ಅಂಗಡಿಗೆ ಹೋದೆ. ಅಲ್ಲಿನ ಹೆಂಗಸು ನನ್ನ ಕೊರಳಲ್ಲಿದ್ದ ಅಳತೆ ಟೇಪು ನೋಡಿ, "ಅಣ್ಣಾ, ಇವು ಮನೇಲಿ ಹಾಯಾಗಿ ಹಾಡು ಕೇಳೋರಿಗೆ ಮಾಡಿದ್ದಲ್ಲ, ತಪ್ಪು ಹುಡುಕೋರಿಗೆ ಮಾಡಿದ್ದು. ಇದ್ದದ್ದನ್ನ ಇದ್ದ ಹಾಗೇ ಹೇಳ್ತವೆ" ಎಂದಳು. ಗಿರಾಕಿ ತೆಳ್ಳಗೆ ಕಾಣಲಿ ಎಂದು ಕನ್ನಡಿಯನ್ನು ತುಸು ವಾಲಿಸಿಟ್ಟಿರುವ ದರ್ಜಿ ನಾನು. ಆ ಮಾತು ಸರಿಯಾಗಿ ನಾಟಿತು.

ನನ್ನ ಕಣ್ಣು ದೊಡ್ಡ ಜೋಡಿಯ ಮೇಲಿತ್ತು. ಕೋಣೆ ಎಷ್ಟಗಲ ಎಂದು ಕೇಳಿ, "ಅಷ್ಟು ಚಿಕ್ಕ ಜಾಗಕ್ಕೆ ಅದು ಬರೀ ಗುಂಯ್ ಅನ್ನುತ್ತೆ, ಚಿಕ್ಕದೇ ಸಾಕು" ಎಂದು ಅಂಗೈಯಗಲದ ಸ್ಪೀಕರ್ ಇರುವ ಎರಡು ಕಪ್ಪು ಪೆಟ್ಟಿಗೆ ಕೊಟ್ಟಳು. ಆಂಪ್ಲಿಫಯರ್ ಬೇರೆ ಬೇಡವಂತೆ, ಪ್ರತಿಯೊಂದರ ಹೊಟ್ಟೆಯಲ್ಲೂ ಒಂದೊಂದು ಇದೆಯಂತೆ. ಆದ್ದರಿಂದ ಒಂದೊಂದಕ್ಕೂ ಕರೆಂಟಿನ ವೈರು ಬೇರೆ, ಹಾಡಿನ ವೈರು ಬೇರೆ. ಮನೆಯ ಕಂಪ್ಯೂಟರಿಗೂ ಇವಕ್ಕೂ ನಡುವೆ ಹಾಡು ದಾಟಿಸಲು ಸಣ್ಣದೊಂದು ಪೆಟ್ಟಿಗೆ. ಗೋಡೆಗೆ ಒತ್ತಿಡಬೇಡಿ, ನಿಮ್ಮ ಕುರ್ಚಿಯೂ ಇವೆರಡೂ ಸೇರಿ ಮೂರು ಮೂಲೆಯಾಗಲಿ, ಕಿವಿಯ ಮಟ್ಟಕ್ಕಿರಲಿ, ಎಲ್ಲ ಜೋಡಿಸಿದ ಮೇಲೆ ಕೊನೆಗೆ ಇವನ್ನು ಆನ್ ಮಾಡಿ ಎಂದು ಮಗುವಿಗೆ ಹೇಳುವಂತೆ ಹೇಳಿ ಕಳಿಸಿದಳು. ಮನೆಗೆ ತಂದಾಗ ನನ್ನವಳು, ನಿನ್ನ ನಾದಿನಿ, "ಬಟ್ಟೆ ಕತ್ತರಿಸೋ ಮೇಜಿನ ಮೇಲೆ ಇದೇನ್ರೀ ಎರಡು ಟ್ರಂಕು?" ಎಂದಳು.

ಹಾಡಿನ ವೈರುಗಳು ಮಾರುದ್ದ ಹೆಚ್ಚಾಗಿ ನೆಲದ ಮೇಲೆ ಸುರುಳಿ ಬಿದ್ದಿದ್ದವು. ಹೆಚ್ಚಾದದ್ದನ್ನು ಕಂಡರೆ ನನ್ನ ಕೈ ಸುಮ್ಮನಿರುತ್ತದೆಯೇ? ಪ್ಯಾಂಟಿನ ಉದ್ದ ತೆಗೆದಂತೆ ಎರಡನ್ನೂ ಕತ್ತರಿಸಿದೆ. ಪಕ್ಕದ ಮೊಬೈಲ್ ರಿಪೇರಿಯವನಿಂದ ಬೆಸುಗೆ ಕಡ್ಡಿ ತಂದು, ತುದಿಗಳಿಗೆ ಮತ್ತೆ ಪ್ಲಗ್ಗು ಕೂರಿಸಿದೆ. ಒಂದೊಂದು ವೈರಿನೊಳಗೂ ಮೂರು ಎಳೆ: ಹೊದಿಕೆಯಿಲ್ಲದ ಬರಿಯದು, ಕೆಂಪು, ಬಿಳಿ. ಬರಿಯದನ್ನು ಅದರ ಜಾಗಕ್ಕೇ ಹಾಕಿದೆ. ಎಡಗಡೆಯದಕ್ಕೆ ಕೆಂಪು ಈಚೆ, ಬಿಳಿ ಆಚೆ. ಬಲಗಡೆಯದಕ್ಕೆ ಅದನ್ನೇ ಕನ್ನಡಿಯಲ್ಲಿ ತಿರುಗಿಸಿದಂತೆ ಬಿಳಿ ಈಚೆ, ಕೆಂಪು ಆಚೆ. ಎಡತೋಳು, ಬಲತೋಳು ಎರಡನ್ನೂ ಒಂದೇ ಥರ ಕತ್ತರಿಸಿದರೆ ಅಂಗಿ ಆಗುತ್ತದೆಯೇ? ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ನನಗೆ ಕಸಬಿನ ಗುಣ. ಅದು ತಪ್ಪು ಎಂದು ಆಗ ಹೊಳೆಯಲೇ ಇಲ್ಲ.

ಎಲ್ಲ ಜೋಡಿಸಿ ಹಾಡು ಹಾಕಿದೆ. ಏನೋ ವಿಚಿತ್ರ. ಮುಖ್ಯ ಗಾಯಕಿ ನೆಗಡಿಯಾದವಳ ಹಾಗೆ ಸೊರಗಿ, ಪಕ್ಕದ ಮನೆಯಲ್ಲೆಲ್ಲೋ ಹಾಡುತ್ತಿದ್ದಾಳೆ. ಹಣ ಹೋಯಿತಲ್ಲ ಎಂದುಕೊಂಡು ನಿಲ್ಲಿಸಲು ಕೈ ಚಾಚಿದೆ. ಅಷ್ಟರಲ್ಲಿ ಪಲ್ಲವಿ ಬಂತು.

ಅಕ್ಕಾ, ಬಲಗಡೆ ಐದು ಜನ ಹೆಂಗಸರು ನಿಂತಿದ್ದರು. ಹಬೆಯಲ್ಲ, ಹೆಂಗಸರು. ಬೇಕಾದರೆ ಎಣಿಸಬಹುದಿತ್ತು. ಉಸಿರೆಳೆದದ್ದು ಕೇಳಿಸಿತು, ಯಾರದೋ ಬಳೆ ಕಿಣಿ ಅಂದದ್ದು ಕೇಳಿಸಿತು. ಕೊನೆಯ ದನಿ ಉಳಿದ ನಾಲ್ಕರ ಸಾಲಿನಲ್ಲಿ ಇರಲಿಲ್ಲ, ತುಸು ಆಚೆ ಇತ್ತು. ಆ ಒಂದು ಹೆಜ್ಜೆ ಕೂಡ ಹಾಡಿನೊಳಗೆ ಉಳಿದಿದೆ, ಅಕ್ಕಾ! ಇಷ್ಟು ವರ್ಷ ಕಳೆದರೂ ನೀನು ನಿಂತ ಜಾಗ ಅಲ್ಲೇ ಇದೆ. ಪಲ್ಲವಿಯ ಕೊನೆಗೆ ನಾಲ್ವರೂ ನಿಲ್ಲಿಸಿದರು, ಆ ಒಂದು ದನಿ ಮಾತ್ರ ಚೂರು ಹೆಚ್ಚು ಹೊತ್ತು ಎಳೆಯಿತು. "ಹಾಡು ಮುಗೀತು ಕಣೇ, ಇನ್ನಾದ್ರೂ ಬಾಯಿ ಮುಚ್ಚೇ" ಎಂದು ಅಮ್ಮ ಬೈಯುತ್ತಿದ್ದ ಅದೇ ಎಳೆತ. ಸಂಜೆ ಬೀದಿಯಲ್ಲಿ ಆಡುತ್ತಿದ್ದ ನನ್ನನ್ನು ಬಾಗಿಲಲ್ಲಿ ನಿಂತು "ತಮ್ಮಾ…" ಎಂದು ಕರೆಯುತ್ತಿದ್ದ ಅದೇ ಎಳೆತ.

ನರೆತ ಗಂಡಸು, ಯಾರೂ ಇಲ್ಲದ ಕೋಣೆಯಲ್ಲಿ, "ಬಂದೆ ಕಣೇ" ಎಂದು ಗಟ್ಟಿಯಾಗಿಯೇ ಅಂದುಬಿಟ್ಟೆ.

ಆಮೇಲೆ ಭಯವಾಯಿತು. ಆಸೆಪಟ್ಟವನಿಗೆ ಬೇಕಾದ್ದೇ ಕೇಳಿಸುತ್ತದಲ್ಲವೇ? ನಿನ್ನ ನಾದಿನಿಯನ್ನು ಕರೆದು, ಏನೂ ಹೇಳದೆ ನನ್ನ ಕುರ್ಚಿಯಲ್ಲಿ ಕೂರಿಸಿ ಮತ್ತೆ ಹಾಕಿದೆ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, ಒಲೆಯ ಮೇಲೆ ಹಾಲಿದೆ ಎಂದು ಗೊಣಗುತ್ತ ಕೇಳಿದಳು. ಪಲ್ಲವಿಯ ಕೊನೆಗೆ ಒರೆಸುತ್ತಿದ್ದ ಕೈ ನಿಂತಿತು. ನನ್ನ ಮುಖ ನೋಡಿ, "ರೀ… ಅತ್ತಿಗೆ ಅಲ್ವಾ?" ಎಂದಳು. ಹಾಲು ಉಕ್ಕಿ ಹೋಯಿತು. ಇಬ್ಬರೂ ಏಳಲಿಲ್ಲ.

ಗಾಯಕಿಯ ನೆಗಡಿಯ ಬಗ್ಗೆ ಕೇಳೋಣವೆಂದು ಮರುದಿನ ವಾದ್ಯಗಳ ಅಂಗಡಿಯವಳಿಗೆ ಫೋನ್ ಮಾಡಿದರೆ, ನನ್ನ ಬೆಸುಗೆಯ ಕತೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಬಲದ ವೈರು ತಿರುಗುಮುರುಗಾಗಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದಂತೆ ಆಗಿತ್ತಂತೆ. ಒಂದು ಸ್ಪೀಕರ್ ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆಳೆಯುತ್ತದೆ. ಎರಡರಲ್ಲೂ ಸಮನಾಗಿರುವ ನಡುವಿನ ಗಾಯಕಿ ಆ ಜಗ್ಗಾಟದಲ್ಲಿ ಕರಗುತ್ತಾಳೆ, ಒಂದೇ ಬದಿಯಲ್ಲಿ ನಿಂತವರಿಗೆ ಏನೂ ಆಗುವುದಿಲ್ಲ. ನಡುವೆ ಅಲ್ಲದೆ ಬದಿಯಲ್ಲಿ ನಿಂತದ್ದರಿಂದಲೇ ನೀನು ಉಳಿದೆ.

ಹೊಸ ವೈರು ತಂದು ಸರಿ ಮಾಡಿದೆ, ನೀನು ಮತ್ತೆ ಮರೆಯಾಗುತ್ತೀಯೇನೋ ಎಂಬ ಅಳುಕಿನಲ್ಲೇ ಹಾಡು ಹಾಕಿದೆ. ಗಾಯಕಿ ನಡುವಿಗೆ ಮರಳಿ ತುಂಬಿ ಹಾಡಿದಳು. ಅವಳ ಪಕ್ಕದಲ್ಲಿ, ಬಲಕ್ಕೆ, ಒಂದು ಹೆಜ್ಜೆ ಹಿಂದೆ ನೀನೂ ಇದ್ದೆ. ಒಮ್ಮೆ ಗುರುತು ಹತ್ತಿದ ಮೇಲೆ ಇನ್ನು ಯಾರು ಮರೆಮಾಡಿಯಾರು? ನಾನು ಹೊಲಿದ ಆ ತಪ್ಪು ವೈರನ್ನು ಮಾತ್ರ ಎಸೆದಿಲ್ಲ. ನೀನು ಬಂದಾಗ ಮೊದಲು ಅದನ್ನೇ ಹಾಕುತ್ತೇನೆ.

ಮೊಮ್ಮಗಳನ್ನೂ ಕರೆದುಕೊಂಡು ಬಾ. ಅವಳು ಕುರ್ಚಿಯಲ್ಲಿ ಕೂರಲಿ, ನೀನು ಬೇಕಾದಷ್ಟು ಮುಂದೆ ಬಂದು ನಿಂತುಕೋ. ಇಲ್ಲಿ ನಿನಗೆ ಹಿಂದೆ ಸರಿ ಅನ್ನುವವರು ಯಾರೂ ಇಲ್ಲ.

ಅಲ್ಲಿಂದಲೇ ತಲೆಯ ಮೇಲೆ ಕೈಯಿಟ್ಟು ಹರಸು. ಆಗ ಕರೆದದ್ದಕ್ಕೆ ಈಗ ಬಂದಿದ್ದೇನೆ. ಇನ್ನು ನೀನು ಬಾ.

ನಿನ್ನ
ತಮ್ಮ