ಎರಡು ಹೆಸರಿನ ಖಾತೆ

ಮೂಡಲಗಿ,
೮ ಡಿಸೆಂಬರ್ ೨೦೨೪, ರವಿವಾರ

ಪ್ರೀತಿಯ ಆರತಿಗೆ,

ವಾರವಿಡೀ ನೀನು ಫೋನು ಮಾಡಿದೆ, ನಾನು ಎತ್ತಲಿಲ್ಲ. ಮೊದಮೊದಲು ಸಿಟ್ಟಿನಿಂದ ಎತ್ತಲಿಲ್ಲ, ಆಮೇಲೆ ನಾಚಿಕೆಯಿಂದ. ಮೈ ಹುಷಾರಿಲ್ಲ ಎಂದು ನಾನು ಕಳಿಸಿದ ಮೆಸೇಜನ್ನು ನೀನು ನಂಬಿರಲಾರೆ. ಫೋನಿನಲ್ಲಾದರೆ ನೀನು ಅಳುತ್ತೀ, ನಿನ್ನ ದನಿ ಕೇಳಿ ನಾನೂ ಅಳುತ್ತೇನೆ, ಹೇಳಬೇಕಾದದ್ದು ಹಾಗೇ ಉಳಿದುಬಿಡುತ್ತದೆ. ಅದಕ್ಕೇ ಕಾಗದ ಹಿಡಿದು ಕುಳಿತೆ. ಕಾಲೇಜಿನ ರಜೆಯಲ್ಲಿ ಒಬ್ಬರಿಗೊಬ್ಬರು ಬರೆಯುತ್ತಿದ್ದೆವಲ್ಲ, ಹಾಗೇ ಅಂದುಕೊಂಡು ಓದು.

ನೀನು ಕೊನೆಯ ಮೆಸೇಜಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಯಾವ ಕಂಪನಿ ಅಂತ ಠರಾಯಿಸಿದಿ?" ಉತ್ತರ ಒಂದೇ ಸಾಲಿನದು. ಆದರೆ ಆ ಸಾಲಿಗೆ ಬರುವಷ್ಟರಲ್ಲಿ ನನ್ನೊಳಗೆ ಏನೇನಾಯಿತು ಎನ್ನುವುದು ನಿನಗೆ ಗೊತ್ತಾಗಬೇಕು.

ಗೌರಕ್ಕ ಟೀಚರ್ ನಿವೃತ್ತರಾದ ಸಂಜೆ ನಾನು ನಿನಗೆ ಫೋನು ಮಾಡಿದ್ದು ನೆನಪಿರಬೇಕು. ನಮ್ಮ ಶಾಲೆಗೆ ಸರ್ಕಾರದ ಅನುದಾನವಿಲ್ಲ, ಹಾಗಾಗಿ ಪಿಂಚಣಿಯೂ ಇಲ್ಲ. ಅವರಿಗೆ ಶಾಲು ಹೊದಿಸಿದೆವು, ಫೋಟೋ ತೆಗೆಸಿಕೊಂಡೆವು. ಮುಂದಿನ ವಾರ ಅವರ ಊರು ಕಲ್ಲೋಳಿಗೆ ಹೋದಾಗ ನೋಡಿದರೆ, ಅವರು ಮನೆಯ ಕಟ್ಟೆಯ ಮೇಲೆ ಟ್ಯೂಷನ್ ಮಕ್ಕಳನ್ನು ಕೂರಿಸಿಕೊಂಡು ಮಗ್ಗಿ ಹೇಳಿಸುತ್ತಿದ್ದರು. ಹೆದರಿದವಳು ನಾನು, ಧೈರ್ಯ ತುಂಬಿದವಳು ನೀನು. ಹುಕ್ಕೇರಿಯ ಖಾಸಗಿ ದವಾಖಾನೆಯ ಲ್ಯಾಬಿನಲ್ಲಿ ಬೆಳಗಿನಿಂದ ಸಂಜೆಯ ತನಕ ರಕ್ತ ಪರೀಕ್ಷೆ ಮಾಡುವ ನಿನಗೂ ಅರವತ್ತು ದಾಟಿದ ಮೇಲೆ ಪಗಾರ ಕೊಡುವವರು ಯಾರೂ ಇಲ್ಲ. "ಇಬ್ಬರೂ ಕೂಡಿ ಈಗಿಂದ ಇಡೂಣು. ಗೋಕಾಕದಾಗ ಎರಡು ಖೋಲಿ ಹಿಡಿಯೂಣು. ಒಂದರಾಗ ನಿನ್ನ ಗೊರಕಿ, ಇನ್ನೊಂದರಾಗ ನನ್ನ ನಿದ್ದಿ" ಎಂದು ನೀನು ನಕ್ಕಿದ್ದೆ. ನೀನು ಬಹುಶಃ ನನ್ನನ್ನು ನಗಿಸಲಿಕ್ಕೆಂದೇ ಹೇಳಿರಬೇಕು. ನಾನು ಮಾತ್ರ ಅದನ್ನು ಕೊಟ್ಟ ಮಾತೆಂದು ಹಿಡಿದುಕೊಂಡೆ. ಮದುವೆಯಾಗದ ನಾನು, ಗಂಡನನ್ನು ಕಳೆದುಕೊಂಡು ತವರಿಗೆ ಬಂದ ನೀನು. ಇಬ್ಬರಿಗೂ ನಲವತ್ತಮೂರು. ಇನ್ನು ನಮ್ಮನ್ನು ಅಗಲಿಸುವಂಥದ್ದು ಏನೂ ಉಳಿದಿಲ್ಲ ಎಂದೇ ನನ್ನ ತಿಳುವಳಿಕೆ.

ಉಳಿಸಿದ್ದನ್ನು ಷೇರು ಮಾರುಕಟ್ಟೆಗೆ ಹಾಕುವುದೆಂದಾದ ಮೇಲೆ, ಕೊಡಿಸುವ ಬ್ರೋಕರನ್ನು ಆರಿಸುವ ನಮ್ಮ ಜಗಳ ಶುರುವಾಯಿತು. ಎರಡೂ ಕಡಿಮೆ ಖರ್ಚಿನ ಕಂಪನಿಗಳೇ. ಒಂದು ಬರೀ ಮೊಬೈಲಿನಲ್ಲೇ ನಡೆಯುವಂಥದ್ದು; ಆ ಮೊಬೈಲಿನವರಿಗೆ ಊರಿಲ್ಲ, ಬಾಗಿಲಿಲ್ಲ. ವರ್ಷದ ಶುಲ್ಕವೂ ಇಲ್ಲ, ಕೊಂಡು ಇಟ್ಟುಕೊಳ್ಳುವುದಕ್ಕೆ ಕಮಿಷನ್ನೂ ಇಲ್ಲ. ಆದರೆ ಅಲ್ಲಿ ಒಂದು ಖಾತೆಗೆ ಒಂದೇ ಹೆಸರು. ಗೋಕಾಕದಲ್ಲಿ ಬಟ್ಟೆ ಅಂಗಡಿಯ ಮಾಳಿಗೆಯ ಮೇಲಿರುವವರು ಪ್ರತಿ ಸಲ ಕೊಂಡಾಗಲೂ ಸ್ವಲ್ಪ ತೆಗೆದುಕೊಳ್ಳುತ್ತಾರೆ, ವರ್ಷದ ಶುಲ್ಕ ಬೇರೆ. ಆದರೆ ಎದುರಿಗೆ ಕುಳಿತು ಮಾತಾಡಲು ಅಲ್ಲೊಬ್ಬ ಮನುಷ್ಯನಿದ್ದಾನೆ, ಎರಡು ಹೆಸರಿನ ಖಾತೆಯನ್ನೂ ತೆರೆದುಕೊಡುತ್ತಾರೆ.

ನಾವು ಕೊಳ್ಳಬೇಕೆಂದಿದ್ದದ್ದು ದೇಶದ ದೊಡ್ಡ ದೊಡ್ಡ ಕಂಪನಿಗಳೆಲ್ಲ ಚೂರು ಚೂರು ಸೇರಿರುವ ಒಂದೇ ಒಂದು ಇಂಡೆಕ್ಸ್ ಫಂಡು. ತಿಂಗಳಿಗೊಮ್ಮೆ ಕೊಳ್ಳುವುದು, ಅರವತ್ತಾಗುವ ತನಕ ಮುಟ್ಟದಿರುವುದು. ಅದಕ್ಕೆ ಮೊಬೈಲಿನವರೇ ಸಾಕು. ಗಣಿತ ಕಲಿಸುವ ನನಗೆ ಇದು ತಿಳಿಯದ್ದೇನಲ್ಲ. ತಿಂಗಳು ತಿಂಗಳು ಸೋರುವ ಚಿಲ್ಲರೆ, ಹದಿನೇಳು ವರ್ಷ ಅಲ್ಲೇ ಇದ್ದು ಬೆಳೆದಿದ್ದರೆ ಎಷ್ಟಾಗುತ್ತಿತ್ತು ಎಂಬುದನ್ನು ನಾನೇ ನಿನಗೆ ತೋರಿಸಿದ್ದೆ. ಆದರೂ ಮಾಳಿಗೆಯವರೇ ಬೇಕೆಂದು ಹಟ ಹಿಡಿದೆ. ನೀನು ಪ್ರತಿ ಸಲವೂ "ಬ್ಯಾರೆ ಬ್ಯಾರೆ ತಗಿಯೂಣು ರಾಜಿ, ಸುಮ್ಮನ ಯಾಕ ಖರ್ಚು" ಎನ್ನುತ್ತಿದ್ದೆ. ಎಂಥ ಜಿಪುಣಿ ಎಂದು ನಾನು ನಗುತ್ತಿದ್ದೆ.

ಹೋದ ವಾರದ ಶನಿವಾರ, ನವೆಂಬರ್ ೩೦ರಂದು, ಶಾಲೆ ಬಿಟ್ಟ ಕೂಡಲೇ ಗೋಕಾಕದ ಬಸ್ಸು ಹತ್ತಿದೆ. ಆ ಮಾಳಿಗೆಯ ಆಫೀಸಿನ ಶಿವಕುಮಾರ ನಮ್ಮ ವಯಸ್ಸಿನವರೇ. "ಬರ್ರಿ ಮೇಡಂ, ಕುಂದರ್ರಿ" ಎಂದು ಫ್ಯಾನು ನನ್ನ ಕಡೆ ತಿರುಗಿಸಿದರು. ಎರಡು ಹೆಸರಿನ ವಿಷಯ ಕೇಳಿದೆ.

"ಆಗತೈತ್ರಿ. ಕೊಳ್ಳೂದು ಮಾರೂದು ಮೊದಲನೇ ಹೆಸರಿನವರು ಮಾಡತಾರ. ಆದ್ರ ಇಬ್ಬರದೂ ಒಪ್ಪಿಗಿ ಇಲ್ಲದ ಒಳಗಿಂದು ಹೊರಗ ಹೋಗೂದಿಲ್ಲ. ಒಬ್ಬರು ಹೋದ್ರ ಉಳದವರಿಗಿ." ಅರ್ಜಿ ಹುಡುಕುತ್ತ ಕೇಳಿದರು: "ನಿಮಗ ಅವರು ಏನಾಗಬೇಕ್ರಿ?"

ಗೆಳತಿ ಎಂದೆ.

"ತಪ್ಪ ತಿಳಕೋಬ್ಯಾಡ್ರಿ. ಗಂಡ ಹೆಂಡತಿ ಬಂದ್ರೂ ನಾ ಕೇಳತೇನಿ. ಇಬ್ಬರದೂ ಮನಸು ಐತಿಲ್ರಿ? ಒಮ್ಮಿ ಹೆಸರು ಕೂಡಿಸಿದ ಮ್ಯಾಲ ಬಿಡಿಸಾಕ ಭಾಳ ತ್ರಾಸ."

ನನಗೆ ಚುರ್ರೆಂದಿತು. ಇದೇ ಊರಿನ ಹಾಸ್ಟೆಲಿನಲ್ಲಿ ಒಂದೇ ಖೋಲಿಯಲ್ಲಿ ಮೂರು ವರ್ಷ ಇದ್ದವರು ನಾವು ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ. ಅವರು ನಕ್ಕು, "ಹಂಗಾದ್ರ ಅವರ ಸಹಿ ಮಾಡಿಸ್ಕೊಂಡು ಬರ್ರಿ" ಎಂದು ಅರ್ಜಿ ಕೊಟ್ಟರು. ಮೆಟ್ಟಿಲಿಳಿಯುತ್ತಲೇ ನಿನಗೆ ಫೋನು ಮಾಡಿದೆ. ನೀನು ಎತ್ತಲಿಲ್ಲ. ಇರಲಿ, ನಾಳೆ ಹೇಳದೆ ಕೇಳದೆ ಮನೆಗೇ ಹೋಗಿ ನಿಲ್ಲೋಣ ಎಂದುಕೊಂಡೆ.

ರವಿವಾರ ಬೆಳಿಗ್ಗೆ ಹೊರಟೆ. ಹುಕ್ಕೇರಿಯ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ಆಮೆಯ ಹಾಗೆ ನಡೆಯಿತು. ಸಂಕೇಶ್ವರಕ್ಕೆ ಬಂದು ನಿಮ್ಮ ಮನೆಯ ಮುಂದೆ ನಿಂತರೆ, ಬಾಗಿಲಲ್ಲಿ ಗುರುತಿಲ್ಲದ ಚಪ್ಪಲಿಗಳು. ನಿನ್ನ ಅವ್ವ ತಾರಾಬಾಯಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು.

"ಬಾರವಾ ರಾಜಿ! ಆರತಿ ನಿನಗ ಹೇಳೇ ಹೇಳಿರತಾಳಂತ ನನಗ ಗೊತ್ತಿತ್ತು. ನಿಪ್ಪಾಣಿಯವರು ಬಂದಾರ ನೋಡು. ಹುಡುಗನ ಮನಸಿಗಿ ಬಂದೈತಿ, ಈ ಸಲ ಇಕಿನೂ ಒಲ್ಲೆ ಅನ್ನಲಿಲ್ಲ."

ಐವತ್ತರ ಹತ್ತಿರದವರನ್ನು ನಿನ್ನ ಅವ್ವ ಹುಡುಗ ಎಂದದ್ದು ಕೇಳಿ, ಆ ಗಳಿಗೆಯಲ್ಲೂ ನನಗೆ ನಗು ಬಂತು. "ಹೂಂ ಮಾವಶಿ, ಹೇಳ್ಯಾಳ" ಎಂದೆ. ಅಷ್ಟು ಸಲೀಸಾಗಿ ಆ ಸುಳ್ಳು ಎಲ್ಲಿಂದ ಬಂತೋ ಗೊತ್ತಿಲ್ಲ. ನೀನು ಆ ಹುಡುಗ ನಿತಿನ ಅವರ ಜೊತೆ ಬಸದಿಗೆ ಹೋಗಿದ್ದೀ ಎಂದರು. ಅವರ ಅಕ್ಕ ಪಡಸಾಲೆಯಲ್ಲಿ ಕುಳಿತಿದ್ದರು, ನಮಸ್ಕಾರ ಮಾಡಿದೆ. ಮಾವಶಿ ನನ್ನನ್ನು ಅಡುಗೆಮನೆಗೆ ಕರೆದು ಹೋಳಿಗೆ ಬಡಿಸಿದರು. ತುಪ್ಪ ಹಾಕುತ್ತ ಮೆಲ್ಲಗೆ ಹೇಳಿದರು:

"ದಸರಾದಿಂದ ಕೇಳಾಕತ್ತೇವಿ. ರಾಜಿಗಿ ಏನ ಹೇಳಲಿ ಅಂತ ಕುಂತ ಕುಂತಲ್ಲೇ ಅಳತಿದ್ಳು. ನಿನ್ನ ಸಲುವಾಗಿ ಎರಡು ಸಲ ಒಲ್ಲೆ ಅಂದ್ಳವಾ. ನೀನ ಒಂದ ಮಾತ ಹೇಳು, ಆಕಿ ಮನಸು ಹಗುರ ಆಗತೈತಿ."

ಹೋಳಿಗೆ ಅರ್ಧಕ್ಕೇ ಬಿಟ್ಟೆ. ಬಸ್ಸು ತಪ್ಪುತ್ತದೆ ಎಂದು ಸಬೂಬು ಹೇಳಿ ಎದ್ದೆ. ನಿನ್ನನ್ನು ನೋಡದೆಯೇ ಊರಿಗೆ ಬಂದೆ.

ಅದರ ಮರುದಿನ ಒಂಬತ್ತನೇ ತರಗತಿಯ ಮಕ್ಕಳನ್ನು ಸುಮ್ಮಸುಮ್ಮನೆ ಗದರಿಸಿದೆ. ಬೋರ್ಡಿನ ಮೇಲೆ ತಪ್ಪು ಲೆಕ್ಕ ಬರೆದೆ, ಅವರು ಹೇಳಿದ ಮೇಲೆ ಅಳಿಸಿದೆ. ಸಿಟ್ಟೆಂದರೆ ಅಷ್ಟಿಷ್ಟಲ್ಲ. ಜ್ವರ ಬಂದರೂ ನನಗೆ ಹೇಳುವವಳು ಇಷ್ಟು ದೊಡ್ಡ ವಿಷಯವನ್ನು ದಸರಾದಿಂದ ಮುಚ್ಚಿಟ್ಟಳಲ್ಲ ಎಂದು ಒಬ್ಬಳೇ ಇದ್ದಾಗ ನಿನ್ನ ಜೊತೆ ಜಗಳವಾಡಿದೆ. ಇವಳಿಗೆ ಖಾತೆಯೂ ಬೇಡ, ಗೋಕಾಕವೂ ಬೇಡ, ನನ್ನನ್ನು ಆಟ ಆಡಿಸಿದಳು ಎಂದೂ ಅಂದುಕೊಂಡೆ. ಕ್ಷಮಿಸು.

ಬುಧವಾರದ ಹೊತ್ತಿಗೆ ಬೇರೆ ಒಂದು ಪ್ರಶ್ನೆ ಎದ್ದು ನಿಂತಿತು. ಮೆಂತ್ಯೆ ಸಿವುಡಿಗೂ ಚೌಕಾಶಿ ಮಾಡುವ ನಾನು, ಹೆಚ್ಚು ಖರ್ಚಿನ ಕಂಪನಿಗೆ ಯಾಕೆ ಅಷ್ಟು ಹಟ ಮಾಡಿದೆ? ಬಿಡಿಸಾಕ ತ್ರಾಸ ಎಂದು ಶಿವಕುಮಾರ ಎಚ್ಚರಿಸಿದರಲ್ಲ, ನನಗೆ ಬೇಕಾಗಿದ್ದದ್ದು ಅದೇ. ನಿನ್ನ ಹೆಸರು ನನ್ನ ಹೆಸರಿನ ಜೊತೆ ಸಿಕ್ಕಿಕೊಂಡಿರಬೇಕು, ನೀನು ಎಲ್ಲಿಗಾದರೂ ಹೊರಟರೆ ನನ್ನ ಒಪ್ಪಿಗೆ ಬೇಕಾಗಬೇಕು. ಮುಪ್ಪಿನ ಹೆದರಿಕೆ ನನ್ನದು, ಆರತಿ. ಅದಕ್ಕೆ ನಿನ್ನನ್ನು ಕಟ್ಟಿಹಾಕಲು ಹೊರಟಿದ್ದೆ, ಮೇಲೆ ಅದನ್ನೇ ಉಳಿತಾಯ ಎಂದು ಕರೆಯುತ್ತಿದ್ದೆ. ನೀನು ಬೇರೆ ಬೇರೆ ಎಂದಾಗಲೆಲ್ಲ ಬಾಯಿಬಿಟ್ಟು ಹೇಳಲಾರದ್ದನ್ನು ಹೇಳುತ್ತಿದ್ದೆ. ನಾನು ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಳ್ಳದ ಗೆಳತಿಗೆ ಯಾರಾದರೂ ಏನೆಂದು ಹೇಳಿಯಾರು?

ಗುರುವಾರ ಸಂಜೆ ಗೋಕಾಕಕ್ಕೆ ಹೋಗಿ ಅರ್ಜಿ ವಾಪಸು ಕೊಟ್ಟೆ. ಗೆಳತಿಯ ಮದುವೆ ಎಂದೆ. ಶಿವಕುಮಾರ ಚಹಾ ತರಿಸಿದರು. "ಹಂಗಾದ್ರ ನಿಮ್ಮೊಬ್ಬರ ಹೆಸರಲೇ ಮಾಡೂಣೇನ್ರಿ? ಮೊಬೈಲ್ ಕೈ ಕೊಟ್ರ ನಾ ಇಲ್ಲೇ ಕುಂತಿರತೇನಿ." ಒಬ್ಬಳ ಹೆಸರಿಗಾದರೆ ಮೊಬೈಲಿನವರೇ ಸಾಕು, ನಿಮ್ಮಲ್ಲಿ ನನಗೆ ದುಬಾರಿಯಾಗುತ್ತದೆ ಎಂದು ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. "ಲೆಕ್ಕದ ಟೀಚರ್‌ಗಿ ನಾ ಏನ ಹೇಳಲ್ರಿ" ಎಂದು ಜೋರಾಗಿ ನಕ್ಕರು. ಒಳ್ಳೆಯ ಮನುಷ್ಯ.

ಮನೆಗೆ ಬಂದು ಮೊಬೈಲಿನವರಲ್ಲೇ ನಾನೇ ಖಾತೆ ತೆರೆದೆ. ಫೋನಿಗೆ ಮುಖ ತೋರಿಸು ಎಂದರೆ ಪ್ರತಿ ಸಲವೂ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ತಮ್ಮ ಲಕ್ಷ್ಮಣನ ಮಗಳು ಶೋಭಾ "ಅತ್ತಿ, ಉಸಿರಾಡ್ರಿ" ಎಂದು ಹೇಳಿಕೊಡಬೇಕಾಯಿತು. ಅವಳನ್ನೇ ನಾಮಿನಿ ಮಾಡಿದ್ದೇನೆ. ಫೋನು ಕಳೆದರೆ ಏನು ಮಾಡಬೇಕು, ಯಾರನ್ನು ಕೇಳಬೇಕು ಎಂಬುದನ್ನೂ ಇಬ್ಬರೂ ಕುಳಿತು ನೋಡಿಕೊಂಡೆವು. ಹೆದರಿಕೆ ಪೂರ್ತಿ ಹೋಗಿಲ್ಲ. ಆದರೆ ಈಗ ಆ ಹೆದರಿಕೆ ನನ್ನೊಬ್ಬಳದೇ, ನಿನ್ನ ಕೊರಳಿಗೆ ಕಟ್ಟಿದ್ದಲ್ಲ.

ನಿನ್ನಲ್ಲಿ ನನ್ನದು ಒಂದೇ ಒಂದು ಬೇಡಿಕೆ. ಮದುವೆಗೆ ಮೊದಲೇ ನಿನ್ನ ಹೆಸರಿನಲ್ಲಿ ನೀನೂ ಖಾತೆ ತೆರೆ. ಹೋದ ಸಲ, ಗಂಡ ತೀರಿಕೊಂಡ ಮೇಲೆ, ಆ ಮನೆಯಿಂದ ನೀನು ಒಂದು ಟ್ರಂಕು ಹಿಡಿದು ಬಂದೆ. ಅಂಗಡಿ ಅವರದು, ಮನೆ ಅವರದು, ನಿನ್ನದೆನ್ನುವುದು ಸೀರೆಗಳಷ್ಟೇ. ಅದನ್ನು ನಾನು ಮರೆತಿಲ್ಲ. ನಿತಿನ ಒಳ್ಳೆಯವರೇ ಇರಬಹುದು, ಇರಲಿ ಎಂದೇ ನನ್ನ ಹಾರೈಕೆ. ಒಳ್ಳೆಯವರ ಮನೆಯಲ್ಲೂ ನಿನ್ನದು ಅಂತ ಒಂದಿರಬೇಕು. ಲ್ಯಾಬಿನ ಕೆಲಸವನ್ನೂ ಬಿಡಬೇಡ. ನಿಪ್ಪಾಣಿಯಿಂದ ಹುಕ್ಕೇರಿಗೆ ಓಡಾಡುವುದು ತ್ರಾಸವಾದರೆ ಅಲ್ಲೇ ಎಲ್ಲಾದರೂ ಹುಡುಕಿಕೋ. ತಿಂಗಳಿಗೆ ಎಷ್ಟಾದರೂ ಸರಿ, ಹಾಕುವುದನ್ನು ನಿಲ್ಲಿಸಬೇಡ.

ಗೋಕಾಕದ ಯೋಚನೆಯನ್ನು ನಾನು ಬಿಟ್ಟಿಲ್ಲ. ಅಲ್ಲಿ ನನಗೆ ಊರು ಗೊತ್ತು, ದವಾಖಾನೆ ಹತ್ತಿರ, ಸಂತೆ ಹತ್ತಿರ. ಒಬ್ಬಳೇ ಇದ್ದರೆ ಒಂದೇ ಖೋಲಿ ಸಾಕಾದೀತು. ಸಂಜೆಗಳು ಹೇಗೆ ಕಳೆದಾವೋ ಈಗಲೇ ಹೇಳಲಾರೆ. ಅದನ್ನು ನೆನೆದು ನೀನು ಮತ್ತೊಮ್ಮೆ ಒಲ್ಲೆ ಎನ್ನಬೇಡ. ನನ್ನ ಸಲುವಾಗಿ ನೀನು ಸುಖ ಬಿಟ್ಟುಕೊಟ್ಟೆ ಎಂದು ಗೊತ್ತಿದ್ದೂ ನಾನು ನಿನ್ನ ಎದುರಿಗೆ ಕುಳಿತು ಊಟ ಮಾಡಲಾರೆ.

ಮುಹೂರ್ತ ಗೊತ್ತಾದ ಕೂಡಲೇ ತಿಳಿಸು, ರಜೆ ಹಾಕುತ್ತೇನೆ. ಸೀರೆ ಕೊಳ್ಳಲು ನಾನಿಲ್ಲದೆ ಹೋಗಬೇಡ, ನಿನಗೆ ಬಣ್ಣ ತಿಳಿಯುವುದಿಲ್ಲ. ಮಾವಶಿಗೆ ನನ್ನ ನಮಸ್ಕಾರ ಹೇಳು. ಹೋಳಿಗೆ ಅರ್ಧಕ್ಕೇ ಬಿಟ್ಟು ಎದ್ದದ್ದಕ್ಕೆ ಬೇಜಾರು ಮಾಡಿಕೊಂಡಿರಬಹುದು.

ಇಂದಿಗೂ ಮುಂದಿಗೂ ನಿನ್ನವಳೇ ಆದ,
ರಾಜೇಶ್ವರಿ

ತಾ.ಕ.: ನಿನ್ನನ್ನು ನೋಡದೆಯೇ ಬಂದೆ ಎಂದು ಮೇಲೆ ಬರೆದದ್ದು ಖರೆ ಅಲ್ಲ. ಬಸ್ ಸ್ಟ್ಯಾಂಡಿನ ಎದುರು, ಕಬ್ಬಿನ ಹಾಲಿನ ಗಾಡಿಯ ಹತ್ತಿರ ನೀವಿಬ್ಬರೂ ನಿಂತಿದ್ದಿರಿ. ಅವರು ಏನೋ ಹೇಳಿದರು. ನೀನು ಗ್ಲಾಸನ್ನು ಗಾಡಿಯ ಮೇಲಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕೆ, ಸೆರಗು ಜಾರಿದ್ದೂ ನಿನಗೆ ಗೊತ್ತಾಗಲಿಲ್ಲ. ಹಾಸ್ಟೆಲು ಬಿಟ್ಟ ಮೇಲೆ ನೀನು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಈ ವಾರದ ನನ್ನ ಸಿಟ್ಟಿನಲ್ಲಿ ಅರ್ಧದಷ್ಟು ಆ ನಗುವಿನ ಮೇಲಿತ್ತು. ಕೂಗಬೇಕೆಂದು ಕೈ ಎತ್ತಿದ್ದೆ, ಇಳಿಸಿದೆ. ಹುಕ್ಕೇರಿಯ ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತು, ನೀನು ಕಾಣುವಷ್ಟು ಹೊತ್ತೂ ನೋಡಿದೆ.